ಜೋಡಿಸಹಿ ರಾಯರ ತಾಮ್ರದ ಸಲಾಕೆ

ಮನುಷ್ಯರಿಗಿಲ್ಲದಿದ್ದರೂ ಲೋಹಗಳಿಗಾದರೂ ನೀತಿ ನಿಯತ್ತು ಇರುತ್ತದೆ ಎಂದು ಜೋಡಿಸಹಿ ರಾಯರು ಬಹಳ ವರ್ಷ ನಂಬಿದ್ದರು. ಅದೂ ಇಲ್ಲವೆಂದು ಗೊತ್ತಾದ ದಿನ ಅವರಿಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಈಗಲೂ ಯಾರಾದರೂ ಅವರೆದುರು ತಾಮ್ರವನ್ನು ಹೊಗಳಿದರೆ ಅವರು ಮುಖ ತಿರುಗಿಸಿಕೊಂಡು ಕೂರುತ್ತಾರೆ.

ರಾಯರು ದಾಖಲೆ ಕಚೇರಿಯಲ್ಲಿ ಹೆಡ್ ಗುಮಾಸ್ತರು. ಆ ಕಚೇರಿಯಲ್ಲಿ ಎರಡು ಸಹಿ ಬೀಳದೆ ಒಂದು ಗುಂಡುಸೂಜಿಯೂ ಮೇಜಿನಿಂದ ಮೇಜಿಗೆ ಹೋಗುವುದಿಲ್ಲ. ಇಪ್ಪತ್ತಾರು ವರ್ಷ ಅಲ್ಲಿ ಕೂತು ಕೂತು ಆ ನಿಯಮ ಅವರ ರಕ್ತಕ್ಕೇ ಇಳಿದುಬಿಟ್ಟಿತ್ತು. ಅವರ ಮನೆಯ ಬಾಗಿಲಿಗೆ ಎರಡು ಬೀಗ. ತಲೆದಿಂಬಿನ ಬಳಿ ಎರಡು ಅಲಾರಂ. ಹಾಲಿನವನ ಚೀಟಿಗೆ ತಾವು ಸಹಿ ಹಾಕಿ, ಸ್ನಾನಕ್ಕೆ ಹೋದ ಹೆಂಡತಿಯನ್ನು ಕಾದು ಅವರಿಂದಲೂ ಹಾಕಿಸುತ್ತಿದ್ದರು. "ಒಂದೇ ಸಹಿ ಅಂದ್ರೆ ಅರ್ಧ ಸುಳ್ಳು" ಎಂಬುದು ಅವರ ಸಿದ್ಧಾಂತ. ಹೀಗಾಗಿ ಅವರಿದ್ದ ಆರು ಮನೆಗಳ ಕಟ್ಟಡದಲ್ಲಿ ಅವರ ನಿಜವಾದ ಹೆಸರು ಅಂಚೆಯವನಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಕಥೆ ಶುರುವಾದದ್ದು ಬಟ್ಟೆ ಒಗೆಯುವ ಮಷೀನಿನಿಂದ.

"ರೀ, ಈ ಮಷೀನು ಮುಟ್ಟಿದ್ರೆ ಕಚ್ಚುತ್ತೆ," ಎಂದರು ಹೆಂಡತಿ ಒಂದು ಬೆಳಿಗ್ಗೆ.

"ಅದಕ್ಕೆ ಹಲ್ಲೆಲ್ಲಿದೆ ಕಣೇ ಕಚ್ಚೋಕೆ? ಎಲ್ಲಾ ನಿನ್ನ ಭ್ರಮೆ."

"ಹಾಗಾದ್ರೆ ನೀವೇ ಮುಟ್ಟಿ ನೋಡಿ."

ರಾಯರು ಮುಟ್ಟಿದರು. ಮಾನವಂತರಾದ್ದರಿಂದ ಅವರು ಕಿರುಚಲಿಲ್ಲ. ಬಚ್ಚಲಿನ ಒದ್ದೆ ನೆಲದ ಮೇಲೆ ಸುಮ್ಮನೆ ಕೂತುಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ, "ಹೌದು, ಸ್ವಲ್ಪ ಜುಮ್ ಅನ್ನುತ್ತೆ," ಎಂದು ಒಪ್ಪಿಕೊಂಡರು.

"ನನ್ನ ತಮ್ಮನ್ನ ಕರೀತೀನಿ."

"ಬೇಡ!" ರಾಯರು ಮಷೀನು ಕಚ್ಚಿದಾಗ ಹಾಕದ ಕೂಗನ್ನು ಈಗ ಹಾಕಿದರು.

ಹೆಂಡತಿಯ ತಮ್ಮ, ಅಂದರೆ ರಾಯರ ಬಾಮೈದ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ಒಳ್ಳೆಯವನು, ಮಿತಭಾಷಿ, ಕರೆದರೆ ಬರುವವನು. ಅವನ ಮೇಲೆ ರಾಯರಿಗೆ ಇದ್ದದ್ದು ಒಂದೇ ಒಂದು ದೂರು. ಹನ್ನೊಂದು ವರ್ಷದ ಹಿಂದೆ ಅವನು ಇವರ ಮನೆಗೆ ಫ್ಯಾನು ಹಾಕಲು ಬಂದಾಗ, ರಾಯರು ಸ್ಕ್ರೂಡ್ರೈವರ್ ಹಿಡಿದು ಸಹಾಯಕ್ಕೆ ನಿಂತರು. ಅವನು ಇಡೀ ನೆಂಟರಿಷ್ಟರ ಮುಂದೆ, "ಭಾವ, ನೀವು ಸ್ಟೂಲ್ ಹಿಡ್ಕೊಂಡಿರಿ, ಅಷ್ಟು ಸಾಕು," ಎಂದುಬಿಟ್ಟ. ನೆಂಟರು ನಕ್ಕರು. ಹೆಡ್ ಗುಮಾಸ್ತರಾದವರು ಒಂದು ಗಂಟೆ ಸ್ಟೂಲು ಹಿಡಿದು ನಿಂತರು. ಆವತ್ತಿನಿಂದ ಆ ಮನೆಯಲ್ಲಿ ಬಲ್ಬು ಸುಟ್ಟರೂ ಬಾಮೈದನಿಗೆ ಸುದ್ದಿ ಹೋಗುತ್ತಿರಲಿಲ್ಲ.

ರಾಯರೇ ಮನೆಯ ಹಿಂದೆ ಹೋಗಿ ನೋಡಿದರು. ಗೋಡೆಯಿಂದ ಇಳಿದ ಅರ್ತಿಂಗ್ ತಂತಿಯನ್ನು ನೆಲದಲ್ಲಿ ಹುಗಿದ ಒಂದು ಕಬ್ಬಿಣದ ಗೂಟಕ್ಕೆ ಸುತ್ತಿದ್ದರು. ಜಗ್ಗಿದರೆ ಗೂಟ ಮೂಲಂಗಿಯ ಹಾಗೆ ಕೈಗೇ ಬಂತು. ಕೆಳಗೆ ಇರಬೇಕಾದ ಕಬ್ಬಿಣವೆಲ್ಲ ತುಕ್ಕು ಹಿಡಿದು ಮಣ್ಣಾಗಿತ್ತು. ಮಷೀನಿನಲ್ಲಿ ಸೋರಿದ ಕರೆಂಟು ನೆಲಕ್ಕೆ ಇಳಿಯಲು ದಾರಿಯಿಲ್ಲದೆ ತಮ್ಮ ಹೆಂಡತಿಯ ಕೈ ಹಿಡಿಯುತ್ತಿದೆ ಎಂದು ಅವರಿಗೆ ಅರ್ಥವಾಯಿತು. ತುಕ್ಕು ಹಿಡಿಯದ ಲೋಹವೊಂದನ್ನು ತಂದು ಹುಗಿದರಾಯಿತು, ಇದಕ್ಕೆ ಬಾಮೈದನ ಅಗತ್ಯವೇನು?

"ಸರಿಹೋಗೋ ತನಕ ನಾನು ಮಷೀನಿನ ಹತ್ತಿರ ಬರಲ್ಲ. ಬಟ್ಟೆ ನೀವೇ ಒಗೀರಿ," ಎಂದರು ಹೆಂಡತಿ. ಎರಡು ದಿನ ಹೆಂಡತಿಯ ಸೀರೆ ಹಿಂಡಿದ ಮೇಲೆ ಮೂರನೆಯ ದಿನ ರಾಯರು ಕಚೇರಿಗೆ ರಜೆ ಹಾಕಿ ಹಾರ್ಡ್‌ವೇರ್ ಅಂಗಡಿಗೆ ಓಡಿದರು.

ಅಂಗಡಿಯವನು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕೂತಿದ್ದ.

"ತುಕ್ಕು ಹಿಡೀಬಾರದು. ನಮ್ಮ ಮನೇಲಿ ಅಲ್ಯೂಮಿನಿಯಂ ಪಾತ್ರೆ ಮೂವತ್ತು ವರ್ಷದಿಂದ ಹಾಗೇ ಇದೆ. ಅದೇ ಕೊಡಿ," ಎಂದರು ರಾಯರು.

"ಅಯ್ಯೋ ಸ್ವಾಮಿ, ಅಡುಗೆಮನೆ ಬೇರೆ, ನೆಲ ಬೇರೆ. ಅಲ್ಯೂಮಿನಿಯಂನ ಒದ್ದೆ ಮಣ್ಣಲ್ಲಿ ಹುಗಿದ್ರೆ ಚಹಾಕ್ಕೆ ಅದ್ದಿದ ಬಿಸ್ಕತ್ತಿನ ಹಾಗೆ ಉದುರಿಹೋಗುತ್ತೆ. ಬರೀ ಕಬ್ಬಿಣವೂ ಬೇಡ. ಸತುವಿನ ಲೇಪ ಇರೋ ಕಬ್ಬಿಣದ ಪೈಪು ಇದೆ, ಜಿ.ಐ. ಅಂತೀವಲ್ಲ, ಅದು. ಇಲ್ಲಾ ತಾಮ್ರದ ಸಲಾಕೆ ಇದೆ."

"ಯಾವುದು ಹೆಚ್ಚು ಬಾಳುತ್ತೆ?"

"ತಾಮ್ರ ಅಂದ್ರೆ ತಾಮ್ರ. ನೀವು ಹೋದ್ರೂ ಅದು ಇರುತ್ತೆ."

ಇಂಥ ಖಾತ್ರಿಯನ್ನು ರಾಯರು ಜೀವಮಾನದಲ್ಲೇ ಕೇಳಿರಲಿಲ್ಲ. "ಅದೇ ಕಟ್ಟಿ," ಎಂದರು.

"ಕಟ್ತೀನಿ. ಆದ್ರೆ ಹುಗಿಯೋ ಜಾಗದ ಹತ್ತಿರ ಕಬ್ಬಿಣದ ಪೈಪು ಗಿಪು ಏನಾದ್ರೂ ಇದ್ಯಾ?"

ರಾಯರಿಗೆ ಸರ್ರನೆ ಸಿಟ್ಟು ಬಂತು. "ನಾನು ಸಲಾಕೆ ಕೊಳ್ಳೋಕೆ ಬಂದಿದೀನೋ, ಅಕ್ಕಪಕ್ಕದ ಸಂಬಂಧ ಕೂಡಿಸೋಕೆ ಬಂದಿದೀನೋ? ನಿಮ್ಮ ಹತ್ತಿರ ಪೈಪು ಉಳಿದಿದ್ರೆ ಬೇರೆಯವರಿಗೆ ಮಾರ್ಕೊಳ್ಳಿ!"

ಅಂಗಡಿಯವನು ಕನ್ನಡಕವನ್ನು ಮೇಲಕ್ಕೇರಿಸಿಕೊಂಡು ಸುಮ್ಮನೆ ಸಲಾಕೆ ಕಟ್ಟಿಕೊಟ್ಟ. ಗಿರಾಕಿಗೆ ಎರಡು ಸಲ ಬುದ್ಧಿ ಹೇಳುವ ಅಂಗಡಿಯವನನ್ನು ನೀವೂ ನೋಡಿಲ್ಲ, ನಾನೂ ನೋಡಿಲ್ಲ.

ಮನೆಯ ಹಿಂದೆ ರಾಯರು ಗುಂಡಿ ತೋಡಿದರು, ಸಲಾಕೆ ಇಳಿಸಿದರು, ತಂತಿ ಕಟ್ಟಿದರು. ಎಲ್ಲ ಮುಗಿದ ಮೇಲೆ ಏನೋ ಕೊರತೆ ಕಂಡಿತು. ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿದಾಗ ಗೊತ್ತಾಯಿತು, ಇಲ್ಲಿ ಒಂದೇ ಸಹಿ ಬಿದ್ದಿದೆ! ಕರೆಂಟು ನೆಲಕ್ಕೆ ಇಳಿಯುವುದು ಬರೀ ತಾಮ್ರದ ಒಂದು ಸಹಿಯ ಮೇಲೆ. ನಾಳೆ ತಾಮ್ರ ಕೈಕೊಟ್ಟರೆ? ಸುತ್ತ ಕಣ್ಣಾಡಿಸಿದರು. ಗುಂಡಿಯ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ, ಬೀದಿಯಿಂದ ಬಂದು ಆರೂ ಮನೆಗಳಿಗೆ ನೀರು ಕೊಡುವ ಜಿ.ಐ. ಪೈಪು ಮಣ್ಣಿನಿಂದ ಅರ್ಧ ಬೆನ್ನು ತೋರಿಸಿಕೊಂಡು ಹಾದುಹೋಗಿತ್ತು. ಎರಡನೆಯ ಸಹಿ ತಾನಾಗಿಯೇ ಬಂದು ಮಲಗಿತ್ತು!

ರಾಯರು ಪೈಪಿನ ಮೈಯನ್ನು ಕೆರೆದು ಹೊಳಪು ಬರಿಸಿ, ಕ್ಲಾಂಪು ಹಾಕಿ, ತಾಮ್ರದ ಸಲಾಕೆಯಿಂದ ಅದಕ್ಕೆ ದಪ್ಪ ತಂತಿ ಎಳೆದು ಬಿಗಿದರು. ನಟ್ಟಿನ ಮೇಲೆ ಇನ್ನೊಂದು ನಟ್ಟು. ಮೇಲೆ ಮಣ್ಣು ಮುಚ್ಚಿ, ಅರ್ತಿಂಗ್ ಗುಂಡಿ ಒಣಗಬಾರದೆಂದು ಎಲ್ಲೋ ಓದಿದ್ದರಿಂದ ಪ್ರತಿ ಭಾನುವಾರ ಎರಡು ಬೊಗಸೆ ಉಪ್ಪು ಕದಡಿದ ಒಂದು ಬಕೆಟ್ ನೀರು ಸುರಿಯತೊಡಗಿದರು.

ಮಷೀನು ಕಚ್ಚುವುದನ್ನು ಬಿಟ್ಟಿತು. ರಾಯರು ಅದರ ಮೇಲೆ ಒದ್ದೆ ಅಂಗೈ ಇಟ್ಟುಕೊಂಡೇ ಬಾಮೈದನಿಗೆ ಫೋನು ಮಾಡಿದರು.

"ಏನಯ್ಯಾ, ನಮ್ಮನೆ ಅರ್ತಿಂಗ್ ನಾನೇ ಮಾಡಿದೆ. ತಾಮ್ರ!"

"ಒಳ್ಳೇದಾಯ್ತು ಭಾವ. ನೀರಿನ ಪೈಪಿಂದ ದೂರ ಇದೆ ತಾನೆ?"

ಇವನಿಗೂ ಪೈಪಿನದೇ ಚಿಂತೆ. ಹೊಟ್ಟೆಕಿಚ್ಚಿಗೆ ಹೇಗೆಲ್ಲ ನಾಲಿಗೆ ಬರುತ್ತದೆ ಎಂದು ಬೆರಗಾಗಿ ರಾಯರು ಫೋನು ಇಟ್ಟರು.

ಹದಿನಾಲ್ಕು ತಿಂಗಳು ಅವರು ರಾಜನ ಹಾಗೆ ಬಾಳಿದರು. ಆಮೇಲೆ ಒಂದು ಬೆಳಿಗ್ಗೆ ಮೇಲಿನ ಮನೆಯ ಗಣಿತದ ಟೀಚರಮ್ಮ, ನಿವೃತ್ತಿಯಾಗಿದ್ದರೂ ಗಂಟಲಿಗೆ ನಿವೃತ್ತಿ ಕೊಡದವರು, ತಲೆತುಂಬ ಸೋಪಿನ ನೊರೆಯೊಂದಿಗೆ ಮೆಟ್ಟಿಲ ಮೇಲೆ ಬಂದು ನಿಂತರು.

"ನೀರು ನಿಂತುಹೋಯ್ತು! ನಾನೀಗ ಈ ತಲೆ ಇಟ್ಕೊಂಡು ಎಲ್ಲಿಗೆ ಹೋಗ್ಲಿ?"

ಆರೂ ಮನೆಯ ನಲ್ಲಿಗಳು ಗೊರಗೊರ ಎಂದು ಸುಮ್ಮನಾಗಿದ್ದವು. ಮನೆಯ ಹಿಂದೆ ನೆಲ ಕೊಚ್ಚೆಯಾಗಿತ್ತು. ಪೈಪು ಒಡೆದಿತ್ತು.

ಆಗ ರಾಯರಿಗೆ ಬಂದ ಕೋಪವನ್ನು ವರ್ಣಿಸುವುದು ಕಷ್ಟ. ಸಾರ್ವಜನಿಕ ಆಸ್ತಿ! ಆರು ಸಂಸಾರಗಳ ನೀರು! ಮೊದಲು ಅವರ ಕಣ್ಣು ಬಿದ್ದದ್ದು ಪಕ್ಕದ ಮನೆಯ ಟೈಲರ್ ಮೇಲೆ.

"ನೀವು ಬಟ್ಟೆಗೆ ಬಣ್ಣ ಹಾಕಿದ ನೀರು ಇಲ್ಲೇ ಚೆಲ್ತೀರಿ. ಪೈಪು ಕೊಳೀದೆ ಇನ್ನೇನಾಗುತ್ತೆ?"

"ನಾನು ಬಟ್ಟೆ ಹೊಲಿಯೋನು ಸ್ವಾಮಿ, ಬಣ್ಣ ಹಾಕೋನಲ್ಲ! ವಾರವಾರ ಬಕೆಟ್ ತಂದು ಇಲ್ಲಿ ಸುರಿಯೋರು ಯಾರು? ನೀವಲ್ವಾ?"

"ಅದು ಶಾಸ್ತ್ರೀಯವಾದ ನೀರು!"

ಆಮೇಲೆ ಟೀಚರಮ್ಮನ ಗಿಡದ ಗೊಬ್ಬರದ ಮೇಲೆ ಅನುಮಾನ ಬಂತು. ಟೀಚರಮ್ಮ ತಲೆಯ ನೊರೆ ಒಣಗಿ ಬಿಳಿ ಟೋಪಿಯಂತಾಗಿದ್ದರೂ ಅಳುಕದೆ, ಮೂರು ಕುಂಡಕ್ಕೆ ಎಷ್ಟು ಗ್ರಾಂ ಗೊಬ್ಬರ, ಅದರಲ್ಲಿ ಕೆಳಗೆ ಇಳಿಯುವುದು ಎಷ್ಟು ಎಂದು ಲೆಕ್ಕ ಹಾಕಿ ರಾಯರ ಬಾಯಿ ಮುಚ್ಚಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರೆ. ರಾಯರು ತಮ್ಮ ಹೆಗಲೊಂದನ್ನು ಬಿಟ್ಟು ಕಟ್ಟಡದ ಎಲ್ಲರ ಹೆಗಲನ್ನೂ ತಟ್ಟಿ ನೋಡಿದರು.

ಕೊನೆಗೆ ನೀರಿನ ಕಚೇರಿಗೆ ಅರ್ಜಿ ಬರೆದರು. ಅಂಥ ಅರ್ಜಿಯನ್ನು ಅವರ ಕಚೇರಿಯೂ ಕಂಡಿರಲಿಲ್ಲ. ಈ ನೀಚ ಕೃತ್ಯ ಎಸಗಿದವರು ಯಾರೇ ಆಗಿರಲಿ, ಎಷ್ಟೇ ದೊಡ್ಡವರಾಗಿರಲಿ, ಅವರನ್ನು ಪತ್ತೆಹಚ್ಚಬೇಕು. ಅವರು ಆರೂ ಮನೆಯವರ ಮುಂದೆ ಕೈಮುಗಿದು ಕ್ಷಮೆ ಕೇಳಬೇಕು. ಹೊಸ ಪೈಪು ಬೀಳುವ ತನಕ ಆರೂ ಮನೆಗೆ ಬಕೆಟ್‌ನಲ್ಲಿ ನೀರು ಹೊರಬೇಕು. ಕೆಳಗೆ ತಾವು ಸಹಿ ಹಾಕಿ, ಟೀಚರಮ್ಮನಿಂದ ಇನ್ನೊಂದು ಸಹಿ ಹಾಕಿಸಿದರು. ಟೀಚರಮ್ಮನಿಗೆ ನೀರು ಹೊರುವ ಭಾಗ ಬಹಳ ಹಿಡಿಸಿತು.

ಮರುದಿನ ನೀರಿನ ಇನ್‌ಸ್ಪೆಕ್ಟರು ಇಬ್ಬರು ಅಗೆಯುವವರೊಂದಿಗೆ ಬಂದರು. ನಿದ್ದೆಗಣ್ಣಿನ ಮನುಷ್ಯ. ಆದರೆ ಮಣ್ಣು ತೆಗೆದಂತೆ ಅವರ ಕಣ್ಣು ಒಂದೊಂದಾಗಿ ತೆರೆಯಿತು.

"ವಿಚಿತ್ರ. ಆ ಕಡೆ ಪೈಪು ಚೆನ್ನಾಗಿದೆ. ಈ ಕಡೆಯೂ ಚೆನ್ನಾಗಿದೆ. ಇಲ್ಲೊಂದು ಮಾರು ಉದ್ದ ಮಾತ್ರ ಜರಡಿ ಆಗಿದೆ."

"ದ್ರೋಹ!" ಎಂದರು ರಾಯರು.

ಇನ್ನಷ್ಟು ಮಣ್ಣು ಸರಿಸಿದಾಗ ತಾಮ್ರದ ಸಲಾಕೆ ಕಂಡಿತು. ರಾಯರ ಮುಖ ಅರಳಿತು. ಅವರು ಗುಂಡಿಗೇ ಇಳಿದು, ಅಂಗಿಯ ತುದಿಯಿಂದ ಸಲಾಕೆ ಒರೆಸಿ, ಎಲ್ಲರಿಗೂ ತೋರಿಸಿದರು.

"ನೋಡಿ ಸಾರ್, ಇದು ನಮ್ಮನೆ ಅರ್ತಿಂಗು! ಅದೇ ಮಣ್ಣು, ಅದೇ ನೀರು, ಹದಿನಾಲ್ಕು ತಿಂಗಳು. ಒಂದು ಚುಕ್ಕೆ ಇದ್ಯಾ? ಒಂದು ಗೀರು? ಪಕ್ಕದಲ್ಲೇ ನಿಮ್ಮ ಪೈಪು ನೋಡಿ, ನಾಚಿಕೆಯಾಗಬೇಕು! ಲೋಹ ಅಂದ್ರೆ ಹೇಗಿರಬೇಕು ಅಂತ ಇದನ್ನ ನೋಡಿ ಕಲೀಬೇಕು!"

ಟೈಲರ್ ಸಲಾಕೆಯನ್ನು ನೋಡಿದ, ಪೈಪನ್ನು ನೋಡಿದ, ಎರಡಕ್ಕೂ ನಡುವೆ ಇದ್ದ ದಪ್ಪ ತಂತಿಯನ್ನು ನೋಡಿದ. ಇನ್‌ಸ್ಪೆಕ್ಟರೂ ಅದನ್ನೇ ನೋಡುತ್ತಿದ್ದರು.

"ಇದಕ್ಕೆ ಕರೆಂಟಿನ ಲೈಸೆನ್ಸ್ ಇರೋರು ಯಾರಾದ್ರೂ ಬೇಕು," ಎಂದರು ಅವರು.

"ಬಂದಿದಾನೆ," ಎಂದರು ರಾಯರ ಹೆಂಡತಿ. ಅವರು ಹಿಂದಿನ ದಿನವೇ ತಮ್ಮನಿಗೆ ಫೋನು ಮಾಡಿದ್ದರು.

ಬಾಮೈದ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ನಿಮಿಷ ನೋಡಿದ. ಅಷ್ಟು ಸಾಕಾಯಿತು.

"ಪೈಪಿನದೇನೂ ತಪ್ಪಿಲ್ಲ ಸಾರ್. ಎರಡು ಬೇರೆ ಬೇರೆ ಲೋಹನ ಒದ್ದೆ ಮಣ್ಣಲ್ಲಿಟ್ಟು ತಂತೀಲಿ ಕೂಡಿಸಿದ್ರೆ, ಒಂದು ಇನ್ನೊಂದನ್ನ ಕಾಪಾಡೋಕೆ ತಾನು ಕರಗುತ್ತೆ. ತಾಮ್ರದ ಜೊತೆ ಸತುವು, ಕಬ್ಬಿಣ ಸೇರಿಸಿದ್ರೆ ಕರಗೋದು ಅವೇ. ಮೊದಲು ಮೇಲಿನ ಸತುವು ಹೋಯ್ತು, ಆಮೇಲೆ ಒಳಗಿನ ಕಬ್ಬಿಣ. ಮೇಲಿಂದ ಉಪ್ಪು ನೀರು ಬೇರೆ ಹುಯ್ದಿದಾರೆ, ಕೇಳ್ಬೇಕಾ? ತಾಮ್ರ ಹೀಗೆ ಹೊಳೀತಿರೋದೇ ಪೈಪು ಅದಕ್ಕೋಸ್ಕರ ಸತ್ತಿರೋದರಿಂದ."

ಎಲ್ಲರೂ ಸಲಾಕೆಯ ಕಡೆ ತಿರುಗಿದರು. ಅದು ರಾಯರ ಕೈಯಲ್ಲಿ ಫಳಫಳ ಹೊಳೆಯುತ್ತಿತ್ತು.

"ಇದು ಅನ್ಯಾಯ!" ರಾಯರು ಸಲಾಕೆಯಿಂದ ಕೈ ಕಿತ್ತುಕೊಂಡರು. "ಪಕ್ಕದಲ್ಲಿರೋದನ್ನ ತಿಂದು ತಾನು ಹೊಳೆಯೋದಾ? ಇದಕ್ಕೆ ಮಾನ ಮರ್ಯಾದೆ ಇಲ್ವಾ?"

"ತಾಮ್ರಕ್ಕೆ ಬೈದು ಏನು ಪ್ರಯೋಜನ?" ಎಂದರು ಟೀಚರಮ್ಮ. "ಇವೆರಡನ್ನ ಕೂಡಿಸಿದೋರು ಯಾರು ಅದನ್ನ ಹೇಳಿ."

ಇನ್‌ಸ್ಪೆಕ್ಟರು ಜೇಬಿನಿಂದ ಅರ್ಜಿ ತೆಗೆದು ಬಿಡಿಸಿದರು. ಕಾಗದದ ಸದ್ದಿಗೇ ರಾಯರ ಹಣೆಯ ಮೇಲೆ ಬೆವರು ಮೂಡಿತು. ಯಾರೇ ಆಗಿರಲಿ, ಎಷ್ಟೇ ದೊಡ್ಡವರಾಗಿರಲಿ. ತಾನು ತೋಡಿದ ಗುಂಡಿಯಲ್ಲಿ ತಾನೇ ಬೀಳುವುದನ್ನು ನಾವು ಗಾದೆಯಲ್ಲಿ ಕೇಳಿದ್ದೇವೆ. ರಾಯರು ಅದರಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದರು. ಅವರ ಹೆಂಡತಿ ಸೆರಗಿನ ತುದಿ ಹಿಡಿದುಕೊಂಡು ತಮ್ಮನ ಮುಖ ನೋಡಿದರು. ಬಾಮೈದ ಅಕ್ಕನ ಮುಖ ನೋಡಿದ. ಆಮೇಲೆ ಎದ್ದು ನಿಂತು ಕೈಯ ಮಣ್ಣು ಕೊಡವಿಕೊಂಡ.

"ನಾನೇ ಸಾರ್ ಹಾಕಿದ್ದು. ಅವಸರದಲ್ಲಿ ಪೈಪಿಗೆ ಕೂಡಿಸಿಬಿಟ್ಟೆ."

ಜನ ಲೊಚಗುಟ್ಟಿದರು. "ಲೈಸೆನ್ಸ್ ಇಟ್ಕೊಂಡು ಇಂಥ ಕೆಲಸಾನಾ?" ಎಂದು ಟೀಚರಮ್ಮ ಗದರಿದರು. ಬಾಮೈದ ತಲೆ ತಗ್ಗಿಸಿದ. ಇನ್‌ಸ್ಪೆಕ್ಟರು ಪುಸ್ತಕ ತೆಗೆದರು.

"ಬರೀಲೇಬೇಕಾಗುತ್ತಪ್ಪ. ನಿಮ್ಮ ಲೈಸೆನ್ಸ್ ನಂಬರು ಹೇಳಿ. ಮೇಲಿನೋರು ಏನು ಮಾಡ್ತಾರೋ ನನಗೆ ಗೊತ್ತಿಲ್ಲ."

ರಾಯರು ಪಾರಾಗಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಹಾಗೇ ಒಂದೆರಡು ಕ್ಷಣ ಮುಚ್ಚಿಕೊಂಡಿದ್ದರು ಕೂಡ. ಅಷ್ಟರಲ್ಲಿ ಇನ್‌ಸ್ಪೆಕ್ಟರು ಬಗ್ಗಿ ಕ್ಲಾಂಪನ್ನು ಅಲ್ಲಾಡಿಸಿ ನೋಡಿ, ಸಮಾಧಾನದ ಮಾತೊಂದನ್ನು ಆಡಿದರು.

"ಕೆಲಸ ತಪ್ಪಾದ್ರೂ ಕೈ ಮಾತ್ರ ಅಚ್ಚುಕಟ್ಟು. ಪೈಪು ಕರಗಿದ್ರೂ ಕ್ಲಾಂಪು ಅಲ್ಲಾಡ್ತಿಲ್ಲ. ನಟ್ಟಿನ ಮೇಲೆ ನಟ್ಟು! ಇಂಥ ಕೈ ಈಗ ಎಲ್ಲಿ ಸಿಗುತ್ತೆ? ಕಸುಬುದಾರ ಅಂದ್ರೆ ನೀವೇ ಕಣ್ರಿ."

"ಏನಂದ್ರಿ?" ರಾಯರು ಗುಂಡಿಯಿಂದ ಒಂದೇ ನೆಗೆತಕ್ಕೆ ಮೇಲೆ ಬಂದರು.

"ಇವರ ಕೈ ಅಚ್ಚುಕಟ್ಟು ಅಂದೆ."

"ಇವನ ಕೈಯಾ? ಇವನು ಹಾಕಿದ ಫ್ಯಾನು ಹನ್ನೊಂದು ವರ್ಷದಿಂದ ಕಟಕಟ ಅಂತಿದೆ! ನಟ್ಟಿನ ಮೇಲೆ ನಟ್ಟು ಹಾಕೋ ಬುದ್ಧಿ ಇವನಿಗೆಲ್ಲಿಂದ ಬರಬೇಕು? ಅದು ನಾನು ಹಾಕಿದ್ದು! ಪೈಪು ಕೆರೆದೋನು ನಾನು, ಕ್ಲಾಂಪು ಹಾಕಿದೋನು ನಾನು, ಉಪ್ಪು ನೀರು ಸುರಿದೋನೂ ನಾನೇ! ಆ ದಿನ ಈ ಮನುಷ್ಯ ಈ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ!"

ಬಾಮೈದ ಹಣೆ ಹಣೆ ಬಡಿದುಕೊಂಡ. ಟೈಲರ್ ಗೋಡೆಯ ಕಡೆ ತಿರುಗಿ ನಿಂತ, ಅವನ ಬೆನ್ನು ಕುಲುಕುತ್ತಿತ್ತು.

"ಅಂದ್ರೆ," ಇನ್‌ಸ್ಪೆಕ್ಟರು ಗಂಟಲು ಸರಿಮಾಡಿಕೊಂಡರು, "ಈ ಅರ್ಜೀಲಿ ಬರೆದಿರೋ ಪ್ರಕಾರ..."

"ಎರಡು ಸಹಿ ಬಿದ್ದಿರೋ ಅರ್ಜಿ. ಬರೆದ ಹಾಗೇ ಆಗ್ಬೇಕು!"

ರಾಯರು ಕೆಸರು ಮೆತ್ತಿದ ಎರಡೂ ಕೈ ಜೋಡಿಸಿ ಆರೂ ಮನೆಯವರ ಕಡೆ ತಿರುಗಿದರು. "ಕ್ಷಮಿಸಿ!" ಎಂದು ಗುಡುಗಿದರು. ಆ ಕ್ಷಮಾಪಣೆ ಎಷ್ಟು ಜೋರಾಗಿತ್ತೆಂದರೆ ಟೀಚರಮ್ಮ ಬೆಚ್ಚಿ, "ಆಯ್ತು, ಆಯ್ತು, ನಮ್ಮದೇ ತಪ್ಪು," ಎಂದುಬಿಟ್ಟರು.

ಬಾಮೈದ ಆವತ್ತೇ ಕೆಲಸಕ್ಕೆ ಇಳಿದ. ತೂತಾದ ಭಾಗಕ್ಕೆ ಪ್ಲಾಸ್ಟಿಕ್ ಪೈಪು, ತಾಮ್ರದ ಸಲಾಕೆ ಹಿತ್ತಿಲಿನ ಇನ್ನೊಂದು ಮೂಲೆಗೆ, ಯಾವ ಕಬ್ಬಿಣದ ನೆಂಟಸ್ತಿಕೆಯೂ ಇಲ್ಲದ ಹಾಗೆ. ಎಲ್ಲ ಮುಗಿಯಲು ಮೂರು ದಿನ ಹಿಡಿಯಿತು. ಆ ಮೂರು ದಿನ ರಾಯರು ಬೀದಿಯ ನಲ್ಲಿಯಿಂದ ಆರೂ ಮನೆಗೆ ನೀರು ಹೊತ್ತರು. ಟೀಚರಮ್ಮ ಮೊದಲ ದಿನ ಹದಿನಾರು ಬಕೆಟ್ ಕೇಳಿದರು. ಎರಡನೆಯ ದಿನ ಕನಿಕರಪಟ್ಟು ಹದಿನೈದಕ್ಕೆ ಇಳಿಸಿದರು.

ರಾಯರು ಹೀಗೇಕೆ ಬಾಯಿ ಬಿಟ್ಟರು ಎಂದು ಕಟ್ಟಡದಲ್ಲಿ ಬಹಳ ಚರ್ಚೆಯಾಯಿತು. ಜಂಬ ಎಂದ ಟೈಲರ್. ಬರೀ ಜಂಬ ಎಂದರು ಟೀಚರಮ್ಮ. ಎರಡು ಬಾಯಿ ಒಂದೇ ಮಾತು ಹೇಳಿದ್ದರಿಂದ ಅದೇ ನಿಜವೆಂದು ಎಲ್ಲರೂ ಒಪ್ಪಿದರು.

ಮೂರನೆಯ ದಿನ ಸಂಜೆ ಬಾಮೈದ ಕೊನೆಯ ಜೋಡಣೆ ಮಾಡುತ್ತಿದ್ದ. ರಾಯರು ಬಕೆಟ್ ಇಟ್ಟು ಮೆಟ್ಟಿಲ ಬಳಿ ಏದುಸಿರು ಬಿಡುತ್ತಿದ್ದರು.

"ಭಾವ, ನಾನು ಒಪ್ಕೊಂಡಿದ್ನಲ್ಲ, ನೀವು ಸುಮ್ನಿರಬಾರದಿತ್ತಾ?"

"ನೀನ್ಯಾಕೆ ಒಪ್ಕೊಂಡೆ? ನಿನ್ನನ್ನ ಯಾರು ಕೇಳಿದ್ರು?"

"ಅಕ್ಕನ ಮುಖ ನೋಡಿ."

"ನನ್ನ ಮುಖ ನೋಡಿ ಅಲ್ವಾ?"

"ನಿಮ್ಮ ಮುಖ ನೋಡಿದ್ದಿದ್ರೆ ಮೊದಲೇ ನಿಜ ಹೇಳ್ಬಿಡ್ತಿದ್ದೆ ಭಾವ."

ರಾಯರ ಸಿಟ್ಟು ನೆತ್ತಿಗೇರಿತು. "ಲೋ ಹುಚ್ಚಪ್ಪ! ಲೈಸೆನ್ಸ್ ಹೋಗ್ತಿತ್ತಲ್ಲೋ! ಎರಡು ಮಕ್ಕಳಿಟ್ಕೊಂಡು ಏನು ಮಾಡ್ತಿದ್ದೆ? ಮನೆ ಮನೆಗೆ ಹೋಗಿ ಸ್ಟೂಲ್ ಹಿಡೀತಿದ್ಯಾ? ನನ್ನ ತಪ್ಪಿಗೆ ನೀನು ಕರಗಿಹೋಗೋಕೆ ನೀನೇನು ಪೈಪಾ?"

ಬಾಮೈದನ ಕೈಯಲ್ಲಿದ್ದ ಪಾನಾ ಹಾಗೇ ನಿಂತಿತು. ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಂತಿತು. ಆಡಬಾರದ ಮಾತು ಆಡಿಬಿಟ್ಟೆನೆಂದು ರಾಯರಿಗೆ ಆಗ ಹೊಳೆಯಿತು. ಅತ್ತಿತ್ತ ನೋಡಿದರು, ಟೈಲರ್ ಇರಲಿಲ್ಲ, ಟೀಚರಮ್ಮ ಇರಲಿಲ್ಲ.

"ಅದೂ ಅಲ್ಲದೆ ನಟ್ಟು ಹಾಕಿದ್ದು ನಾನು," ಎಂದು ಗದರಿ, ಬಕೆಟ್ ಎತ್ತಿಕೊಂಡು ಮೆಟ್ಟಿಲು ಹತ್ತಿದರು.